ಬಡಿಸುವವರ ವ್ರತ, ಉಣ್ಣುವವರ ಹಸಿವು

ಡೆಟ್ರಾಯಿಟ್ ನಗರದ ವಾಯವ್ಯಕ್ಕೆ, ಓಕ್ಲೆಂಡ್ ಕೌಂಟಿಯಲ್ಲಿರುವ ಟೌನ್‌ಶಿಪ್ ವೆಸ್ಟ್ ಬ್ಲೂಮ್‌ಫೀಲ್ಡ್. ಯಹೂದಿಗಳ ದೊಡ್ಡ ಸಮುದಾಯ ಕೇಂದ್ರ ಇಲ್ಲಿದೆ. ಇರಾಕಿನ ಮೂಲದ ಕಲ್ದಿಯನ್ ಕ್ರೈಸ್ತರು, ಆಫ್ರಿಕನ್ ಅಮೆರಿಕನ್ನರು, ಮುಸ್ಲಿಮರು ಇಲ್ಲಿ ನೆರೆಹೊರೆಯವರು. ಕಾರು ಕಂಪನಿ, ಆಸ್ಪತ್ರೆ, ಸಾಫ್ಟ್‌ವೇರ್ ಕೆಲಸಗಳಿಗಾಗಿ ಬಂದು ಈ ಭಾಗದಲ್ಲಿ ನೆಲೆಸಿದ ಭಾರತೀಯರಲ್ಲಿ ಕನ್ನಡಿಗರೂ ಇದ್ದಾರೆ. ಇಷ್ಟು ಬಗೆಯ ಮನೆಗಳ ಮಕ್ಕಳು ಮಧ್ಯಾಹ್ನ ಒಂದೇ ಕೆಫೆಟೇರಿಯಾದಲ್ಲಿ ಕೂತು ಉಣ್ಣುತ್ತಾರೆ. 2023-24ರ ಶಾಲಾ ವರ್ಷದಿಂದ ಮಿಷಿಗನ್ ರಾಜ್ಯ ಪಬ್ಲಿಕ್ ಶಾಲೆಯ ಎಲ್ಲ ಮಕ್ಕಳಿಗೂ ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟವನ್ನು ಉಚಿತ ಮಾಡಿದ ಮೇಲೆ ಆ ಟ್ರೇ ಸಾರ್ವಜನಿಕ ತಟ್ಟೆಯೇ ಆಗಿದೆ. ಅದರ ಮೇಲೆ ಏನಿರಬೇಕು, ಮಕ್ಕಳು ದಿನಕ್ಕೆ ಎಷ್ಟು ಹೊತ್ತು ಆಡಬೇಕು ಎಂಬುದರ ಗುರಿಗಳನ್ನು ಪ್ರತಿ ಶಾಲಾ ಜಿಲ್ಲೆಯ ‘ವೆಲ್‌ನೆಸ್ ನೀತಿ’ ತೀರ್ಮಾನಿಸುತ್ತದೆ. ಮೇಲ್ನೋಟಕ್ಕೆ ಇದು ಅಡುಗೆಮನೆಯ, ವೇಳಾಪಟ್ಟಿಯ ವಿಷಯ. ಒಳಹೊಕ್ಕು ನೋಡಿದರೆ ಹಳೆಯದೊಂದು ಧರ್ಮಪ್ರಶ್ನೆ ಎದುರಾಗುತ್ತದೆ: ಎಲ್ಲರ ದುಡ್ಡಿನಲ್ಲಿ ಬೆಂದ ಅನ್ನ ಯಾರ ನಂಬಿಕೆಯನ್ನು ಪಾಲಿಸಬೇಕು? ಬೇಯಿಸಿ ಬಡಿಸುವವರದನ್ನೋ, ಕೂತು ಉಣ್ಣುವವರದನ್ನೋ? ಉಣ್ಣುವವರದನ್ನೇ ಎಂಬುದು ನನ್ನ ಉತ್ತರ. ಈ ಉತ್ತರವನ್ನು ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ಒಪ್ಪುವವರು ಯಾದಗಿರಿಯಲ್ಲೂ ಒಪ್ಪಬೇಕಾಗುತ್ತದೆ. ಎರಡೂ ಕಡೆ ಒಂದೇ ಮಾತು ಆಡುವುದು ನಮಗೆ ಸುಲಭವಾಗಿಲ್ಲ, ಈ ಬರಹದ ಅಗತ್ಯವೂ ಅಲ್ಲಿಂದಲೇ ಹುಟ್ಟಿದೆ.

ಅನ್ನದ ಬಗ್ಗೆ ನಮ್ಮ ಪರಂಪರೆ ಸಣ್ಣದಾಗಿ ಯೋಚಿಸಿಲ್ಲ. ತೈತ್ತಿರೀಯ ಉಪನಿಷತ್ತಿನ ಭೃಗು, ತಂದೆ ವರುಣನ ಮಾತಿನಂತೆ ತಪಸ್ಸಿಗೆ ಕೂತು, ಬ್ರಹ್ಮವೆಂದು ಮೊದಲು ಅರಿತದ್ದು ಅನ್ನವನ್ನು. ಪ್ರಾಣ, ಮನಸ್ಸು, ವಿಜ್ಞಾನ, ಆನಂದ ಆಮೇಲೆ ಬಂದವು. ಮುಂದಿನ ಮೆಟ್ಟಿಲು ಹತ್ತಿದ ಮೇಲೂ ಅನ್ನವನ್ನು ಕೀಳುಮಾಡಬಾರದೆಂಬ ವ್ರತವನ್ನು ಅದೇ ಉಪನಿಷತ್ತು ವಿಧಿಸುತ್ತದೆ. ಹನ್ನೆರಡನೆಯ ಶತಮಾನದ ಶರಣರು ಇದನ್ನು ಬದುಕಿನ ನಡೆಗೆ ಇಳಿಸಿದರು. ಕಾಯಕದಿಂದ ಬಂದದ್ದನ್ನು ದಾಸೋಹವಾಗಿ ಸಲ್ಲಿಸುವ ಅವರ ಕ್ರಮದಲ್ಲಿ ಕೊಡುವವನು ದೊಡ್ಡವನಲ್ಲ, ಅವನು ಸೇವಕ. ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಇಲ್ಲಿದೆ. ದಾನಿ ತನ್ನ ಬಳಿ ಇರುವುದನ್ನು ತನಗೆ ಸರಿಕಂಡಂತೆ ಕೊಡಬಹುದು. ದಾಸೋಹಿ ತನ್ನೆದುರು ಕೂತವರ ಹಸಿವಿಗೆ ಉತ್ತರ ಕೊಡಬೇಕು. ಸಿದ್ಧಗಂಗೆಯಂಥ ಮಠಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಟ್ಟದ್ದು ಈ ಭಾವದಿಂದ. ಕರ್ನಾಟಕ ಸರ್ಕಾರ 2002ರಲ್ಲಿ ಆರಂಭಿಸಿದ ಬಿಸಿಯೂಟ ಯೋಜನೆಗೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟದ್ದೂ ಇದೇ ನೆನಪಿನಿಂದ. ಆ ಹೆಸರನ್ನು ಗಂಭೀರವಾಗಿ ತೆಗೆದುಕೊಳ್ಳುವುದಾದರೆ ಬಡಿಸುವವರು ತಮ್ಮ ವ್ರತವನ್ನು ತಮ್ಮ ತಟ್ಟೆಯಲ್ಲಿ ಪಾಲಿಸಬೇಕು. ಎದುರಿನವರ ತಟ್ಟೆಗೆ ಬೇಕಾದದ್ದನ್ನು ಅವರ ಹಸಿವು, ಅವರ ನಂಬಿಕೆ ಹೇಳಬೇಕು.

ಅಮೆರಿಕದ ಕಾನೂನು ಈ ಭಾಷೆಯಲ್ಲಿ ಮಾತಾಡುವುದಿಲ್ಲ, ಆದರೆ ಅದು ತೆರೆದಿಟ್ಟ ಬಾಗಿಲು ದೊಡ್ಡದು. ಶಾಲಾ ಊಟದ ರಾಷ್ಟ್ರೀಯ ಕಾಯ್ದೆ ಅಲ್ಲಿ 1946ರಲ್ಲಿ ಬಂತು. ಆ ಯೋಜನೆಯಲ್ಲಿರುವ ಪ್ರತಿ ಶಾಲಾ ಜಿಲ್ಲೆಯೂ ತನ್ನದೇ ವೆಲ್‌ನೆಸ್ ನೀತಿ ಹೊಂದಿರಬೇಕೆಂದು 2004ರ ಕಾಯ್ದೆ ಹೇಳಿತು, 2010ರ ಕಾಯ್ದೆ ಅದನ್ನು ಬಿಗಿಗೊಳಿಸಿತು. ಪೋಷಕರು, ವಿದ್ಯಾರ್ಥಿಗಳು, ವ್ಯಾಯಾಮ ಶಿಕ್ಷಕರು, ಆರೋಗ್ಯ ಸಿಬ್ಬಂದಿ, ಸಾರ್ವಜನಿಕರು ನೀತಿ ರೂಪಿಸುವುದರಲ್ಲಿ ಭಾಗವಹಿಸಲು ಅವಕಾಶವಿರಬೇಕು, ಹೊಣೆ ಹೊರುವ ಅಧಿಕಾರಿಯೊಬ್ಬರು ಇರಬೇಕು, ಮೂರು ವರ್ಷಕ್ಕೊಮ್ಮೆ ಮೌಲ್ಯಮಾಪನ ನಡೆದು ಅದರ ಫಲಿತಾಂಶ ಜನರಿಗೆ ಸಿಗಬೇಕು ಎಂಬುದು 2016ರ ನಿಯಮ. ಸಸ್ಯಾಹಾರಿ ಮಗುವಿನ ವಿಷಯದಲ್ಲಿ ಕಾನೂನು ನಾವು ಅಂದುಕೊಂಡಷ್ಟು ಕುರುಡೂ ಅಲ್ಲ. ಮಾಂಸದ ಬದಲು ಬೇಳೆಕಾಳು, ತೋಫು, ಮೊಸರು, ಕಡಲೆಬೀಜದ ಬೆಣ್ಣೆಯನ್ನು ಅದು ಲೆಕ್ಕಕ್ಕೆ ಹಿಡಿಯುತ್ತದೆ. ಅರ್ಧ ಕಪ್ ಬೆಂದ ಬೇಳೆ ಅಥವಾ ಕಾಳು ಎರಡು ಔನ್ಸ್ ಮಾಂಸಕ್ಕೆ ಸಮ, ಅಂದರೆ ಹೈಸ್ಕೂಲು ಹುಡುಗನ ಒಂದು ದಿನದ ಊಟಕ್ಕೆ ಬೇಕಾದ ಕನಿಷ್ಠ ಪ್ರಮಾಣಕ್ಕೆ ಸರಿ. ಕಡಲೆಕಾಳಿನ ಪಲ್ಯಕ್ಕೋ ರಾಜ್ಮಾಕ್ಕೋ ನಿಯಮದ ಅಡ್ಡಿಯಿಲ್ಲ. ಇಷ್ಟಿದ್ದೂ ಅಮೆರಿಕದ ಕೆಫೆಟೇರಿಯಾಗಳಲ್ಲಿ ಸಸ್ಯಾಹಾರಿಗೆ ಸಾಮಾನ್ಯವಾಗಿ ಸಿಗುವುದು ಚೀಸ್ ಪಿಜ್ಜಾ, ಚೀಸ್ ಸ್ಯಾಂಡ್‌ವಿಚ್, ಮ್ಯಾಕರೋನಿ. ಕೇಳುವವರಿಲ್ಲದ ಕಡೆ ಅಡುಗೆಯವರು ಸುಲಭದ್ದನ್ನೇ ಮಾಡುತ್ತಾರೆ. ನೆರೆಯ ಇಲಿನಾಯ್ ರಾಜ್ಯದಲ್ಲಿ ಕೇಳಿದವರಿದ್ದರು: ಮುಂಚಿತವಾಗಿ ಕೋರಿದ ವಿದ್ಯಾರ್ಥಿಗೆ ಸಸ್ಯಮೂಲದ ಊಟ ಒದಗಿಸಬೇಕೆಂಬ ಕಾನೂನು ಅಲ್ಲಿ 2022ರಲ್ಲಿ ಆಗಿ, 2023ರ ಆಗಸ್ಟಿನಿಂದ ಜಾರಿಯಾಯಿತು.

ನಮ್ಮ ತಟ್ಟೆಗೆ ಗೌರವ ಕೇಳುವ ಮೊದಲು ನಮ್ಮ ತಟ್ಟೆಯನ್ನೇ ಒಮ್ಮೆ ಪರೀಕ್ಷಿಸಬೇಕು. ಮಾಂಸವಿಲ್ಲದ್ದೆಲ್ಲ ಸಾತ್ವಿಕ, ಸಾತ್ವಿಕವಾದದ್ದೆಲ್ಲ ಆರೋಗ್ಯಕರ ಎಂದು ನಾವು ಲೆಕ್ಕ ಹಾಕಿಬಿಟ್ಟಿದ್ದೇವೆ. ಷಿಕಾಗೋ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶಗಳ ದಕ್ಷಿಣ ಏಷ್ಯನ್ನರ ಮೇಲೆ 2010ರಿಂದ ನಡೆಯುತ್ತಿರುವ ‘ಮಸಾಲಾ’ ಅಧ್ಯಯನ ಈ ಸಮಾಧಾನವನ್ನು ಕೆಡಿಸುತ್ತದೆ. 40 ದಾಟಿದ ಸುಮಾರು 900 ಜನರನ್ನು ಪರೀಕ್ಷಿಸಿದಾಗ ಶೇ. 23ರಷ್ಟು ಮಂದಿಯಲ್ಲಿ ಮಧುಮೇಹ ಕಂಡಿತು. ಹೋಲಿಕೆಗೆ ತೆಗೆದುಕೊಂಡ ಬಿಳಿಯರಲ್ಲಿ ಅದು ಶೇ. 6 ಇತ್ತು. ನಮ್ಮ ದೇಹ ಕಡಿಮೆ ತೂಕದಲ್ಲೇ ಈ ಕಾಯಿಲೆಗಳಿಗೆ ತುತ್ತಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಏಷ್ಯನ್ನರಿಗೆ ಎಚ್ಚರಿಕೆಯ ಗೆರೆಯಾಗಿ ದೇಹತೂಕದ ಸೂಚ್ಯಂಕ (ಬಿಎಂಐ) 23ನ್ನು ಸೂಚಿಸಿದ್ದರು. ಮಸಾಲಾ ಅಧ್ಯಯನ ವಯಸ್ಕರದು, ಮಕ್ಕಳದಲ್ಲ. ಆದರೆ ನಲವತ್ತರ ಕಾಯಿಲೆಯ ಹಿಂದಿರುವ ಉಣ್ಣುವ, ಕೂರುವ ಅಭ್ಯಾಸಗಳು ಬಾಲ್ಯದಿಂದಲೇ ರೂಢಿಯಾಗುತ್ತ ಬರುತ್ತವೆ. ಮನೆಯ ಡಬ್ಬಿಯಲ್ಲಿ ಮುಕ್ಕಾಲು ಪಾಲು ಚಿತ್ರಾನ್ನ, ಶಾಲೆಯ ಟ್ರೇಯಲ್ಲಿ ಚೀಸು ಮತ್ತು ಮೈದಾ, ಸಂಜೆಯಿಡೀ ಕುರ್ಚಿ: ಹೀಗೆ ಬೆಳೆದ ಮಗು ವ್ರತಭಂಗವೇನೂ ಮಾಡಿಲ್ಲ, ಆದರೂ ಅದರ ದೇಹಕ್ಕೆ ಅನ್ಯಾಯವಾಗಿದೆ. ಗೀತೆ ಆಹಾರವನ್ನು ಮೂರು ಗುಣಗಳಾಗಿ ಬಿಡಿಸುವಾಗ ಸಾತ್ವಿಕದ ಲಕ್ಷಣವಾಗಿ ಮೊದಲು ಹೇಳುವುದು ಆಯುಸ್ಸು, ಬಲ, ಆರೋಗ್ಯಗಳ ವೃದ್ಧಿಯನ್ನು. ಆ ಅಳತೆಗೋಲು ಹಿಡಿದರೆ ದಿನವೂ ಉಣ್ಣುವ ಚೀಸ್ ಪಿಜ್ಜಾಕ್ಕೆ ಸಾತ್ವಿಕದ ಸಾಲಿನಲ್ಲಿ ಜಾಗ ಸಿಗುವುದು ಕಷ್ಟ.

ಹಾಗಾಗಿ ಉಣ್ಣುವವರ ಪಕ್ಷ ಹಿಡಿಯುವುದೆಂದರೆ ಮೊದಲು ಅವರ ಅಗತ್ಯದ ಪಕ್ಷ ಹಿಡಿಯುವುದು. ಇದು ಎಷ್ಟು ಕಠಿಣವಾದ ತತ್ವ ಎಂಬುದನ್ನು ಕರ್ನಾಟಕದ ಮೊಟ್ಟೆಯ ಪ್ರಕರಣ ತೋರಿಸಿಕೊಟ್ಟಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳ ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲ. 2021ರ ಡಿಸೆಂಬರಿನಲ್ಲಿ ಸರ್ಕಾರ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲಾ ಮಕ್ಕಳಿಗೆ ಬೇಯಿಸಿದ ಮೊಟ್ಟೆ ಕೊಡಲು ಆರಂಭಿಸಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಕೂಡಲೇ ಕೆಲವು ಮಠಾಧೀಶರು ಪ್ರತಿಭಟಿಸಿದರು. ಶಾಲೆಗಳು ಮಿಲಿಟರಿ ಹೋಟೆಲಾಗುತ್ತವೆ ಎಂಬಂಥ ಮಾತೂ ಕೇಳಿಬಂತು. ಗಂಗಾವತಿಯ ವಿದ್ಯಾರ್ಥಿನಿಯರು ಕ್ಯಾಮೆರಾದ ಮುಂದೆ ನಿಂತು ತಮಗೆ ಮೊಟ್ಟೆ ಬೇಕೇ ಬೇಕು ಎಂದು ಹೇಳಿದಾಗ ನಾಡು ಬೆಚ್ಚಿ ಕೇಳಿತು, ಏಕೆಂದರೆ ಅಲ್ಲಿಯವರೆಗೆ ಉಣ್ಣುವವರನ್ನು ಯಾರೂ ಕೇಳಿರಲಿಲ್ಲ. ಆಯ್ಕೆ ಸಿಕ್ಕಾಗ ಬಹುಪಾಲು ಮಕ್ಕಳು ಮೊಟ್ಟೆಯನ್ನೇ ಆರಿಸಿಕೊಂಡರು. ಮುಂದೆ ಯೋಜನೆ ಎಲ್ಲ ಜಿಲ್ಲೆಗೂ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನಕ್ಕೆ ಏರಿತು. ಇನ್ನು ಒಂದು ಕುಟುಂಬವನ್ನು ಊಹಿಸಿಕೊಳ್ಳಿ: ಮಿಷಿಗನ್ನಿನಲ್ಲಿ ತನ್ನ ಮಗುವಿನ ಟ್ರೇಗೆ ಮಾಂಸ ಸೋಕಬಾರದೆಂದು ಬಯಸುವ, ಕರ್ನಾಟಕದಲ್ಲಿ ಬೇರೆಯವರ ಮಗುವಿನ ತಟ್ಟೆಗೆ ಮೊಟ್ಟೆ ಬೀಳಬಾರದೆಂದೂ ಬಯಸುವ ಕುಟುಂಬ. ಮೊದಲನೆಯ ಬಯಕೆ ನ್ಯಾಯವಾದದ್ದು. ಎರಡನೆಯದು ಅದೇ ನ್ಯಾಯವನ್ನು ಇನ್ನೊಬ್ಬರಿಗೆ ನಿರಾಕರಿಸುತ್ತದೆ.

ಮಠಾಧೀಶರ ಆಕ್ಷೇಪವನ್ನು ತಳ್ಳಿಹಾಕದೆ ಎದುರಿಸಬೇಕು. ಒಂದೇ ಸಾಲಿನಲ್ಲಿ ಕೆಲವರಿಗೆ ಮೊಟ್ಟೆ, ಕೆಲವರಿಗೆ ಬಾಳೆಹಣ್ಣು ಕೊಟ್ಟರೆ ಮಕ್ಕಳಲ್ಲಿ ಭೇದ ಹುಟ್ಟುತ್ತದೆ, ಶಾಲೆಯೇ ಪಂಕ್ತಿಭೇದ ಮಾಡಿದಂತಾಗುತ್ತದೆ, ಆದ್ದರಿಂದ ಎಲ್ಲರೂ ತಿನ್ನಬಹುದಾದದ್ದನ್ನು ಮಾತ್ರ ಕೊಡಿ ಎಂಬುದು ಅದರ ತಿರುಳು. ಆದರೆ ಪಂಕ್ತಿಭೇದದ ನೋವು ಕೂತ ಜಾಗದಿಂದ, ಕಾಯಿಸಿದ ಸಮಯದಿಂದ, ಉಳಿದದ್ದನ್ನು ಬಡಿಸಿದ ರೀತಿಯಿಂದ ಬಂದದ್ದು. ಒಬ್ಬರನ್ನು ಕೀಳೆಂದು ಸಾರುವುದೇ ಅದರ ಕೆಲಸವಾಗಿತ್ತು. ಪಕ್ಕಪಕ್ಕ ಕೂತ ಇಬ್ಬರು ಮಕ್ಕಳು ತಮಗೆ ಬೇಕಾದ್ದನ್ನು ತಿಂದರೆ ಯಾರೂ ಕೀಳಾಗುವುದಿಲ್ಲ, ಬೇರೆಯವರು ಬೇರೆಯದನ್ನು ತಿನ್ನುತ್ತಾರೆಂಬ ಸರಳ ಸತ್ಯ ಅವರಿಗೆ ಚಿಕ್ಕಂದಿನಲ್ಲೇ ರೂಢಿಯಾಗುತ್ತದೆ. ‘ಎಲ್ಲರೂ ತಿನ್ನಬಹುದಾದದ್ದು’ ಎಂಬ ನಿಯಮ ಹೇರಿದರೆ, ಅತಿ ಹೆಚ್ಚು ನಿಷೇಧ ಇಟ್ಟುಕೊಂಡ ಮನೆಯ ಕಟ್ಟಳೆಯೇ ಉಳಿದ ಎಲ್ಲ ಮಕ್ಕಳ ಕಟ್ಟಳೆಯಾಗುತ್ತದೆ. ಇದೇ ಮಾತಿಗೆ ಇನ್ನೊಂದು ರೂಪವೂ ಇದೆ. ಇಸ್ಕಾನ್ ಬೆಂಗಳೂರಿನ ಅಕ್ಷಯ ಪಾತ್ರ 2000ದಲ್ಲಿ ಐದು ಶಾಲೆಗಳ 1,500 ಮಕ್ಕಳಿಂದ ಆರಂಭಿಸಿ ಲಕ್ಷಾಂತರ ಮಕ್ಕಳಿಗೆ ಊಟ ತಲುಪಿಸಿದೆ. ಅದು ತನ್ನ ಅಡುಗೆಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಬಳಸುವುದಿಲ್ಲ. ಪೋಷಕಾಂಶದ ಲೆಕ್ಕದಲ್ಲಿ ಆ ಊಟ ಸರಿಯಿದೆಯೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ ಹೇಳಿತು, ಮಕ್ಕಳಿಗೆ ಅದು ರುಚಿಸದೆ ತಟ್ಟೆಯಲ್ಲೇ ಉಳಿಯುತ್ತದೆಂದು ಆಹಾರ ಹಕ್ಕಿನ ಕಾರ್ಯಕರ್ತರು ವಾದಿಸಿದರು. ಆ ಸಂಸ್ಥೆಯ ಸೇವೆ ದೊಡ್ಡದು, ಅದರ ವ್ರತವೂ ಗೌರವಾರ್ಹ. ಸ್ವಂತ ಹಣದಿಂದ ಸ್ವಂತ ಅಂಗಳದಲ್ಲಿ ಬಡಿಸುವವರು ತಮ್ಮ ವ್ರತದಂತೆ ಬಡಿಸಲಿ. ಸರ್ಕಾರದ ಅಕ್ಕಿ, ಸರ್ಕಾರದ ಅನುದಾನ, ಸರ್ಕಾರಿ ಶಾಲೆಯ ಮಗು ಎಂದಾದಾಗ ಆ ವ್ರತ ತಟ್ಟೆಯ ಮೇಲಿನ ಕೊನೆಯ ಮಾತಾಗಬಾರದು. ಆ ಊಟದಲ್ಲಿ ಇಲ್ಲದ್ದನ್ನು ಶಾಲೆ ಬೇರೆ ದಾರಿಯಿಂದ ಒದಗಿಸಬೇಕು.

ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಉಣ್ಣುವವರ ನಂಬಿಕೆಯೇ ಪ್ರಮಾಣವಾದರೆ, ದಲಿತ ಮಹಿಳೆ ಮಾಡಿದ ಅಡುಗೆಯನ್ನು ನಮ್ಮ ಮಕ್ಕಳು ಉಣ್ಣುವುದಿಲ್ಲ ಎನ್ನುವ ಪೋಷಕರಿಗೆ ಏನು ಉತ್ತರ? ಕರ್ನಾಟಕದ ಹಳ್ಳಿಗಳಿಂದ ಇಂಥ ಸುದ್ದಿ ಮತ್ತೆ ಮತ್ತೆ ಬಂದಿದೆ. ಅವರೂ ಆಚಾರದ ಹೆಸರನ್ನೇ ಹೇಳುತ್ತಾರೆ. ಇಲ್ಲಿ ಗೆರೆ ಎಳೆಯಲೇಬೇಕು, ಎಳೆಯಲು ಸಾಧ್ಯವೂ ಇದೆ. ನನ್ನ ದೇಹದೊಳಕ್ಕೆ ಯಾವ ಪದಾರ್ಥ ಹೋಗಬೇಕೆಂಬುದು ನನ್ನ ವಿಷಯದ ತೀರ್ಮಾನ. ಅದನ್ನು ಯಾರ ಕೈ ಬೇಯಿಸಿತು ಎಂಬ ಕಾರಣಕ್ಕೆ ದೂಡುವುದು ಆ ಕೈಯ ಮನುಷ್ಯನ ಬೆಲೆ ಕಟ್ಟುವ ತೀರ್ಪು. ಮೊದಲನೆಯದನ್ನು ಪಾಲಿಸಿದರೆ ಇನ್ನೊಬ್ಬರಿಗೆ ಅವಮಾನವಿಲ್ಲ, ಎರಡನೆಯದಕ್ಕೆ ಅವಮಾನ ಬಿಟ್ಟು ಬೇರೆ ಹೂರಣವೇ ಇಲ್ಲ. ಬಿಸಿಯೂಟವನ್ನು ಮಕ್ಕಳ ಹಕ್ಕೆಂದು ಕಂಡು 2001ರ ನವೆಂಬರ್ 28ರಂದು ಆದೇಶಿಸಿದ ಸುಪ್ರೀಂ ಕೋರ್ಟು, 2004ರ ಏಪ್ರಿಲಿನಲ್ಲಿ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡಗಳಿಗೆ ಆದ್ಯತೆ ಕೊಡಬೇಕೆಂದೂ ಹೇಳಿತು. ತಟ್ಟೆಯಲ್ಲಿ ಆಯ್ಕೆ, ಒಲೆಯ ಮುಂದೆ ಸಮಾನತೆ: ಇವೆರಡೂ ಒಂದೇ ತತ್ವದ ಎರಡು ಕೈಗಳು. ಮನುಷ್ಯರ ಘನತೆಗೆ ತಲೆಬಾಗದ ನಂಬಿಕೆ ಸಾರ್ವಜನಿಕ ಅಡುಗೆಮನೆಯಲ್ಲಿ ಮನ್ನಣೆ ಕೇಳಲಾಗದು.

ಮಗುವಿಗೆ ಬೇಕಾದದ್ದನ್ನೇ ಕೊಡುವುದಾದರೆ ಸೋಡಾ, ಚಿಪ್ಸು, ಕ್ಯಾಂಡಿ ಕೇಳಿದರೂ ಕೊಡಬೇಕೇ ಎಂದು ಇನ್ನು ಕೆಲವರು ಕೇಳಬಹುದು. ಅಗತ್ಯ, ಶ್ರದ್ಧೆ, ಚಪಲ ಈ ಮೂರನ್ನು ಒಂದೇ ತಕ್ಕಡಿಗೆ ಹಾಕಿದಾಗ ಹುಟ್ಟುವ ಗೊಂದಲವಿದು. ಬೆಳೆಯುವ ದೇಹದ ಅಗತ್ಯ ಮೊದಲು. ಅದನ್ನು ಪೂರೈಸುವ ಹಲವು ದಾರಿಗಳಲ್ಲಿ ಯಾವುದೆಂದು ಹೇಳುವ ಹಕ್ಕು ಶ್ರದ್ಧೆಗಿದೆ. ನಾಲಿಗೆಯ ಚಪಲಕ್ಕೆ ಈ ಎರಡರ ನಂತರದ ಜಾಗ. ಶಾಲೆಯ ವೇಳೆಯಲ್ಲಿ ಮಾರುವ ತಿನಿಸಿಗೆ ಅಮೆರಿಕದಲ್ಲಿ 2014ರಿಂದ ಮಿತಿಗಳಿವೆ: ಒಂದು ತಿನಿಸಿನಲ್ಲಿ 200 ಕ್ಯಾಲೊರಿ ಮೀರಬಾರದು, ಸಕ್ಕರೆ ತೂಕದ ಶೇ. 35 ದಾಟಬಾರದು. ಮಾರದೆ ಹಂಚುವ ತಿಂಡಿಯ ಮಟ್ಟವನ್ನು ಮಾತ್ರ ಆಯಾ ಜಿಲ್ಲೆಯ ನೀತಿಯೇ ಗೊತ್ತುಮಾಡಬೇಕು. ಹುಟ್ಟುಹಬ್ಬದ ಕಪ್‌ಕೇಕ್ ತರಗತಿಗೆ ಬರುವ ದಾರಿ ಇದು. ಅದರಲ್ಲಿ ಮೊಟ್ಟೆ ಇರುತ್ತದೆ, ಮಾರ್ಷ್‌ಮೆಲೋ ಮತ್ತು ಗಮ್ಮಿಗಳಲ್ಲಿ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಟಿನ್ ಇರುತ್ತದೆ. ಸಸ್ಯಾಹಾರಿ ಮಗು, ಹಲಾಲ್ ಪಾಲಿಸುವ ಮಗು, ಕೋಷರ್ ಪಾಲಿಸುವ ಮಗು, ಮೊಟ್ಟೆಯ ಅಲರ್ಜಿ ಇರುವ ಮಗು ಲೇಬಲ್ ಓದಿ ಕೈ ಹಿಂದೆಗೆಯಬೇಕು, ಉಳಿದವರು ತಿನ್ನುವುದನ್ನು ನೋಡುತ್ತ ಕೂರಬೇಕು. ಹುಟ್ಟುಹಬ್ಬಕ್ಕೆ ತಿಂಡಿಯ ಬದಲು ಪೆನ್ಸಿಲ್ಲೋ ಹೆಚ್ಚುವರಿ ಆಟದ ಹೊತ್ತೋ ಎಂದು ನೀತಿಯಲ್ಲಿ ಒಂದು ಸಾಲು ಬರೆದರೆ ಸಕ್ಕರೆಯೂ ತಗ್ಗುತ್ತದೆ, ಈ ನಾಲ್ಕು ಮಕ್ಕಳ ಮುಜುಗರವೂ ನಿಲ್ಲುತ್ತದೆ. ಆರೋಗ್ಯದ ನಿಯಮ ಮತ್ತು ನಂಬಿಕೆಯ ಗೌರವ ಇಲ್ಲಿ ಒಂದೇ ಆಗಿಬಿಡುತ್ತವೆ.

ಅನ್ನದಷ್ಟೇ ಮುಖ್ಯ ದೇಹದ ಚಲನೆ, ನಮ್ಮವರು ಎಡವುವುದು ಇಲ್ಲೇ ಹೆಚ್ಚು. ಆಟವೆಂದರೆ ಓದಿನಿಂದ ಕದ್ದ ಹೊತ್ತು ಎಂಬ ಭಾವನೆ ಸಮುದ್ರ ದಾಟಿ ಬಂದಿದೆ. 6ರಿಂದ 17 ವರ್ಷದವರಿಗೆ ದಿನಕ್ಕೆ 60 ನಿಮಿಷ ಚಟುವಟಿಕೆ ಬೇಕೆಂಬುದು ಅಮೆರಿಕದ ಆರೋಗ್ಯ ಇಲಾಖೆಯ ಸಲಹೆ. ಷಿಕಾಗೋ ಬಳಿಯ ನೇಪರ್‌ವಿಲ್‌ನಲ್ಲಿ ಹೈಸ್ಕೂಲಿನ ವ್ಯಾಯಾಮ ಶಿಕ್ಷಕರು ಮೊದಲ ಪಾಠಕ್ಕೂ ಮುಂಚೆ ಮಕ್ಕಳನ್ನು ಓಡಿಸಿ, ಎದೆಬಡಿತ ಅಳೆದು, ಆಮೇಲೆ ತರಗತಿಗೆ ಕಳಿಸಿದ ಪ್ರಯೋಗ ಹೆಸರಾಯಿತು. ಅದು ಅನುಕೂಲಸ್ಥರ ಊರು, ಅಲ್ಲಿನ ಅಂಕಗಳಿಗೆ ಓಟವೊಂದೇ ಕಾರಣವೆನ್ನಲು ಬಾರದು. ಆದ್ದರಿಂದ ಹೆಚ್ಚು ಭರವಸೆ ಇಡಬೇಕಾದದ್ದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2010ರಲ್ಲಿ ನಡೆಸಿದ ಪರಿಶೀಲನೆಯ ಮೇಲೆ. 50 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಆಟ ಮತ್ತು ಕಲಿಕೆಯ ನಡುವೆ ಕಂಡ ನಂಟುಗಳಲ್ಲಿ ಅರ್ಧದಷ್ಟು ಒಳ್ಳೆಯವು, ಉಳಿದವುಗಳಲ್ಲಿ ಹೆಚ್ಚಿನವು ಅತ್ತಲೂ ಇಲ್ಲ ಇತ್ತಲೂ ಇಲ್ಲ, ಕೆಡುಕಿನವು ಶೇ. 1.5 ಮಾತ್ರ. ಆಟಕ್ಕೆ ಹೊತ್ತು ಕೊಟ್ಟರೆ ಓದು ಕೆಡುತ್ತದೆಂಬ ಭಯಕ್ಕೆ ಆಧಾರ ಸಿಗಲಿಲ್ಲ. ಬೆವರುವ ದುಡಿಮೆಯನ್ನೇ ಪೂಜೆಯೆಂದು ಬಗೆದ ಶರಣರ ನಾಡಿನವರು ದೇಹವನ್ನು ಬುದ್ಧಿಯ ಸಾರೋಟಿನಂತೆ ಕಾಣುವುದು ವಿಚಿತ್ರ. ಇಲ್ಲಿಯೂ ಉಣ್ಣುವವರ ನ್ಯಾಯವೇ ನಡೆಯಬೇಕು. ರಂಜಾನ್ ಉಪವಾಸದ ಹುಡುಗನಿಗೋ ಏಕಾದಶಿಯ ಹುಡುಗಿಗೋ ಆ ದಿನ ಓಟದ ಬದಲು ಹಗುರವಾದ ಚಟುವಟಿಕೆ ಕೊಡಲು ನೀತಿಯಲ್ಲಿ ಜಾಗವಿರಲಿ. ಯೋಗವನ್ನು ವ್ಯಾಯಾಮವಾಗಿ ಕಲಿಸಿದರೆ ಅದು ಧರ್ಮಪ್ರಚಾರವಲ್ಲವೆಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಎನ್ಸಿನೀಟಸ್ ಶಾಲೆಗಳ ಪ್ರಕರಣದಲ್ಲಿ ಹೇಳಿತು. ಆ ತೀರ್ಪಿಗೆ ನಾವು ಸಂತೋಷಪಡುವಾಗ, ಮನಸ್ಸೊಪ್ಪದ ಕ್ರೈಸ್ತ ಮನೆಯ ಮಗುವಿಗೆ ಬೇರೆ ವ್ಯಾಯಾಮ ಇರಲಿ ಎಂದು ಮೊದಲು ಹೇಳುವವರೂ ನಾವೇ ಆಗಬೇಕು.

ಮಗುವಿನ ಊಟ ಆಟ ತಾಯಿತಂದೆಯರ ಹೊಣೆ, ಸರ್ಕಾರಕ್ಕೇಕೆ ಈ ಉಸಾಬರಿ ಎಂಬುದು ಕೊನೆಯ ಆಕ್ಷೇಪ. ಮನೆಯ ಹೊಣೆ ಎಲ್ಲೂ ಹೋಗುವುದಿಲ್ಲ. ಆದರೆ ಮಗು ಎಚ್ಚರವಿರುವ ಹೊತ್ತಿನ ದೊಡ್ಡ ಪಾಲು ಶಾಲೆಯಲ್ಲಿ ಕಳೆಯುತ್ತದೆ. ಅಲ್ಲಿ ಏನೂ ನೀತಿಯಿಲ್ಲದಿದ್ದರೆ ಆ ಜಾಗವನ್ನು ತುಂಬುವುದು ತಾಯಿತಂದೆಯಲ್ಲ, ತಿಂಡಿ ಮಾರುವ ಕಂಪನಿ. ಅನುಕೂಲವಿರುವ ಮನೆ ಒಳ್ಳೆಯ ಡಬ್ಬಿ ಕಟ್ಟಿ ಕಳಿಸೀತು, ಎರಡು ಪಾಳಿ ದುಡಿಯುವ ತಾಯಿಗೆ ಅದು ಆಗದು. ಮಿಷಿಗನ್ನಿನಲ್ಲಿ ಊಟ ಎಲ್ಲರಿಗೂ ಉಚಿತವಾದ ಮೇಲೆ ಯಾರು ಬಡವರ ಪಟ್ಟಿಯಲ್ಲಿದ್ದಾರೆ ಎಂದು ಗುರುತಿಸುವ ಕಾರಣವೇ ಆ ಸಾಲಿನಲ್ಲಿ ಉಳಿದಿಲ್ಲ. ದುಡ್ಡಿನ ಪಂಕ್ತಿಭೇದ ಅಷ್ಟರಮಟ್ಟಿಗೆ ಅಳಿದಿದೆ. ಈ ಸಾಲಿನಿಂದ ನಮ್ಮ ಮಕ್ಕಳನ್ನು ಡಬ್ಬಿಯ ಜೊತೆ ಪಕ್ಕಕ್ಕೆ ಸರಿಸಿ ನೆಮ್ಮದಿಯಾಗಿರುವುದಕ್ಕಿಂತ ಆ ಸಾಲಿನ ಊಟವನ್ನೇ ಉತ್ತಮಗೊಳಿಸುವುದು ದಾಸೋಹಕ್ಕೆ ಹತ್ತಿರದ ಕೆಲಸ.

ಆ ಕೆಲಸಕ್ಕೆ ಜೊತೆಗಾರರು ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲೇ ಇದ್ದಾರೆ. ಕಲ್ದಿಯನ್ನರು ವರ್ಷಕ್ಕೊಮ್ಮೆ ನಿನೆವೆಯ ಮೂರು ದಿನದ ಉಪವಾಸ ಹಿಡಿಯುತ್ತಾರೆ, ಲೆಂಟ್ ಕಾಲದಲ್ಲಿ ಮಾಂಸ ಬಿಡುವ ದಿನಗಳೂ ಅವರಿಗಿವೆ. ಹಲಾಲ್ ಮಾಂಸ ಸಿಗದ ಕಡೆ ಮುಸ್ಲಿಂ ಮಗುವಿಗೆ ಬೇಳೆಕಾಳಿನ ಊಟವೇ ಆಸರೆ. ಅದೇ ಪ್ರದೇಶದ ಡಿಯರ್‌ಬಾರ್ನ್ ಶಾಲೆಗಳು ಹಲಾಲ್ ಊಟವನ್ನೂ ಕೊಡುತ್ತ ಬಂದಿವೆ. ವಾರದಲ್ಲಿ ಎರಡು ಮೂರು ದಿನ ಹುರುಪಿನಿಂದ ಬೇಯಿಸಿದ ಕಾಳಿನ ಊಟ ಬೇಕೆಂಬ ಬೇಡಿಕೆ ಈ ಎಲ್ಲರದೂ ಆಗಬಲ್ಲದು. ಡೆಟ್ರಾಯಿಟ್ಟಿನ ಪಂಪ ಕನ್ನಡ ಕೂಟ, ಷಿಕಾಗೋದ ವಿದ್ಯಾರಣ್ಯ ಕನ್ನಡ ಕೂಟಗಳಲ್ಲಿ ಸೇರುವ ಪೋಷಕರು ತಮ್ಮ ಜಿಲ್ಲೆಯ ವೆಲ್‌ನೆಸ್ ನೀತಿಯನ್ನು ತರಿಸಿಕೊಂಡು ಓದಲಿ, ಸಮಿತಿಯ ಸಭೆಗೆ ಹೋಗಲಿ, ಮೂರು ವರ್ಷದ ಮೌಲ್ಯಮಾಪನ ಎಲ್ಲಿ ಎಂದು ಕೇಳಲಿ. ಅಲ್ಲಿ ನಮ್ಮ ಮಗುವಿಗೆ ಬೇಳೆ ಕೇಳುವಾಗಲೇ ನೆರೆಯ ಮಗುವಿಗೆ ಹಲಾಲ್ ಕೋಳಿಯನ್ನೂ ಕೇಳಬೇಕು. ಮುಂದೆ ಊರಿಗೆ ಫೋನು ಮಾಡಿದಾಗ ಯಾದಗಿರಿಯ ಹುಡುಗಿಯ ತಟ್ಟೆಯ ಮೊಟ್ಟೆಯ ಮಾತು ಬಂದರೆ, ಅದು ಅವಳಿಗೆ ಸಲ್ಲಬೇಕಾದದ್ದು ಎಂದು ಮನೆಯ ಹಿರಿಯರಿಗೆ ಹೇಳುವ ಧೈರ್ಯವೂ ಬೇಕು. ತನ್ನ ವ್ರತವನ್ನು ತಾನು ಪಾಲಿಸುತ್ತ ಇನ್ನೊಬ್ಬರ ಹಸಿವಿಗೆ ಅವರಿಗೆ ಬೇಕಾದ್ದನ್ನು ಬಡಿಸಬಲ್ಲವರೇ ದಾಸೋಹ ಎಂಬ ಹೆಸರಿಗೆ ಅರ್ಹರು.